ಕತ್ತರಿಸಿ ತೆಗೆದ ಮಾತುಗಳು

ಜಾಲಹಳ್ಳಿ
೧೨ ಫೆಬ್ರುವರಿ ೨೦೧೨

ಮುನೀಂದ್ರನಿಗೆ ಆಶೀರ್ವಾದಗಳು.

ಈ ಕಾಗದವನ್ನು ನಿನಗೆ ಓದಿ ಹೇಳುವವಳು ಮಂಜುಶ್ರೀ. ಆದ್ದರಿಂದ ಮೊದಲು ಅವಳಿಗೊಂದು ಮಾತು. ತಾಯೀ, ನಿನ್ನ ಗಂಡನಿಗೆ ಕಣ್ಣು ಕಾಣದು, ನನಗೆ ಈಗ ಮಾತು ಬಾರದು. ನಮ್ಮಿಬ್ಬರ ನಡುವೆ ನೀನೇ ಇರಬೇಕು. ನಿಧಾನವಾಗಿ ಓದು.

ಡಿಸೆಂಬರಿನಲ್ಲಿ ನನ್ನ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದೆಂದು ಗೊತ್ತಾದ ಮೇಲೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲೊಂದು ತೂತಿದೆ, ಉಸಿರಾಡುವುದು ಅದರಿಂದ. ಜೀವಕ್ಕೆ ಸದ್ಯ ತೊಂದರೆಯಿಲ್ಲ ಎನ್ನುತ್ತಾರೆ. ನೀನು ಫೋನ್ ಮಾಡಿದ್ದೆಯೆಂದು ಮನೆಗೆಲಸದ ಬಸಮ್ಮ ಹೇಳಿದಳು. ಸಮಾಜ ವಿಜ್ಞಾನದ ಕೊನೆಯ ಪಾಠಗಳ ರೆಕಾರ್ಡಿಂಗ್ ಯಾಕೆ ಬಂದಿಲ್ಲವೆಂದು ಕೇಳಲು ಇರಬೇಕು. ಇನ್ನು ಬರುವುದಿಲ್ಲ, ಮುನೀಂದ್ರ. ಕಣ್ಣಿಲ್ಲದ ಮಕ್ಕಳಿಗಾಗಿ ನಾನು ಇಷ್ಟು ವರ್ಷ ಓದಿದೆ, ನೀನು ತಿದ್ದಿ ಚೊಕ್ಕ ಮಾಡಿದೆ. ಆ ಕೆಲಸ ನನ್ನ ಪಾಲಿಗೆ ಮುಗಿಯಿತು.

ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಮ್ಮ ಯಜಮಾನರು ವೆಂಕಟರಮಣಪ್ಪನವರನ್ನು ನೀನು ಬಲ್ಲೆ. ಇಲ್ಲಿನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆ ಲೆಕ್ಕದಲ್ಲಿ ಅಚ್ಚು, ಉಪಕರಣ ಮಾಡುತ್ತಿದ್ದವರು. ಎರಡು ವರ್ಷದಿಂದ ಅವರಿಗೆ ಮರೆವು. ಮೊದಲು ದಾರಿಗಳು ಹೋದವು, ಆಮೇಲೆ ಮುಖಗಳು. ನನ್ನ ಮುಖವೂ ಹೋಯಿತು. ಆದರೆ ದನಿ ಉಳಿದಿತ್ತು. ಅಡುಗೆಮನೆಯಿಂದ ನಾನು “ಏನ್ರೀ” ಅಂದರೆ ಸಾಕು, “ಏನೇ ಸುಬ್ಬೂ” ಅನ್ನುತ್ತಿದ್ದರು. ಆಸ್ಪತ್ರೆಯಿಂದ ನಾನು ಮನೆಗೆ ಬಂದ ದಿನ ಎದ್ದು ನಿಂತು ಕೈಮುಗಿದರು. “ಬನ್ನಿ ಮೇಡಂ, ಕೂತ್ಕೊಳ್ಳಿ. ನಮ್ಮನೆಯವ್ಳು ಆಸ್ಪತ್ರೆಗೆ ಹೋಗಿದ್ದಾಳೆ, ಇನ್ನೇನ್ ಬಂದ್ಬಿಡ್ತಾಳೆ” ಅಂದರು.

ಅಂದಿನಿಂದ ಹೀಗೇ ಇದೆ.

ಪಾಠದ ಸಿ.ಡಿ. ಹಾಕಿ ಕೇಳಿಸಿದೆ. ರೇಡಿಯೋ ಅಂದುಕೊಂಡರು. ಚೆನ್ನಾಗಿ ಓದುತ್ತಾಳೆ, ಸ್ವಲ್ಪ ಸಣ್ಣಗೆ ಮಾಡಿ ಅಂದರು. ಓದುವಾಗಿನ ನನ್ನ ದನಿ ಅವರಿಗೆ ನನ್ನದಲ್ಲ. ಮನೆಯೊಳಗಿನ ದನಿಯೇ ಬೇಕು. ನಾನು ಓದುತ್ತ ಓದುತ್ತ ನಡುವೆ ಅವರನ್ನು ಕರೆದಿದ್ದು, ಬೈದಿದ್ದು ಎಲ್ಲ ಮೆಷಿನ್ನಿನಲ್ಲಿ ಸೇರಿಬಿಡುತ್ತಿತ್ತು. ಅದನ್ನೆಲ್ಲ ಕತ್ತರಿಸಿ ತೆಗೆಯುವುದೇ ದೊಡ್ಡ ಕೆಲಸ ಎಂದು ನೀನು ಒಮ್ಮೆ ನಕ್ಕಿದ್ದೆ. ಕತ್ತರಿಸಿದ್ದು ಎಲ್ಲಾದರೂ ಉಳಿದಿದೆಯೇ? ಇದ್ದರೆ ನನಗೆ ಬೇಕು.

ಆಶೀರ್ವದಿಸುವ,
ಸುಬ್ಬಲಕ್ಷ್ಮಮ್ಮ

*

ಸಿಂಗಸಂದ್ರ
೨೬ ಫೆಬ್ರುವರಿ ೨೦೧೨

ಪೂಜ್ಯ ಮೇಡಂ ಅವರಿಗೆ ಮುನೀಂದ್ರನ ನಮಸ್ಕಾರಗಳು.

ನಾನು ಹೇಳುತ್ತಿದ್ದೇನೆ, ಮಂಜುಶ್ರೀ ಬರೆಯುತ್ತಿದ್ದಾಳೆ. ನಿಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡೆ. ನಿಮ್ಮ ದನಿ ನನಗೆ ನಿಮ್ಮ ಮನೆಯ ದಾರಿಗಿಂತ ಚೆನ್ನಾಗಿ ಗೊತ್ತು. ಯಾವ ಅಕ್ಷರದ ಮುಂದೆ ಉಸಿರು ತೆಗೆದುಕೊಳ್ಳುತ್ತೀರಿ ಎಂಬುದೂ ಗೊತ್ತು.

ಕತ್ತರಿಸಿದ ಮಾತುಗಳು ಹೋಗಿಲ್ಲ. ನಾನು ಬಳಸುತ್ತಿದ್ದ ಎಡಿಟಿಂಗ್ ಪ್ರೋಗ್ರಾಂ ಏನನ್ನೂ ನಿಜವಾಗಿ ಅಳಿಸುತ್ತಿರಲಿಲ್ಲ, ಮುಚ್ಚಿಡುತ್ತಿತ್ತು ಅಷ್ಟೆ. ಆದರೆ ಒಂದು ತೊಡಕಿದೆ. ಹೋದ ಮಳೆಗಾಲದಲ್ಲಿ ಕರೆಂಟ್ ಏರಿಳಿದು ನನ್ನ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಮಾತ್ರ ಉಳಿಯಿತು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಈಗಿರುವುದು ಲ್ಯಾಪ್‌ಟಾಪ್. ಅದರಲ್ಲಿ ಆ ಪ್ರೋಗ್ರಾಂ ಕೂರುವುದಿಲ್ಲ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿದೆ. ಬೇರೆ ಯಾವ ಪ್ರೋಗ್ರಾಂ ಕೂಡ ಆ ಫೈಲುಗಳನ್ನು ತೆರೆಯುವುದಿಲ್ಲ.

ಉಳಿದಿರುವ ದಾರಿ ಒಂದೇ. ವರ್ಚುವಲ್ ಮೆಷಿನ್ ಅಂತ ಇದೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದೊಂದು ಕಂಪ್ಯೂಟರನ್ನು ಇಟ್ಟಂತೆ. ಪೆಟ್ಟಿಗೆ ಒಂದೇ, ಒಳಗೆ ಎರಡು ನಡೆಯುತ್ತವೆ. ಆ ಒಳಗಿನದಕ್ಕೆ ಹಳೆಯ ಪ್ರೋಗ್ರಾಂ ಹಾಕಿ ನೋಡುತ್ತೇನೆ. ಬೇಗ ಆಗುತ್ತದೆ ಎಂದು ಮಾತು ಕೊಡಲಾರೆ.

ಯಾವ ಯಾವ ಮಾತು ಬೇಕು ಬರೆಯಿರಿ.

ನಿಮ್ಮ ವಿಧೇಯ,
ಮುನೀಂದ್ರ

ಮೇಡಂ, ಇದು ನಾನು ಮಂಜುಶ್ರೀ ಬರೆದದ್ದು, ಇವರಿಗೆ ಗೊತ್ತಿಲ್ಲ. ನಿಮ್ಮ ಕಾಗದ ಕೇಳಿದ ಮೇಲೆ ಇವರು ಎದ್ದುಹೋಗಿ ಮೇಲಿನ ಬಾಡಿಗೆ ಮನೆಗಳ ನೀರಿನ ಮೋಟರು ಹಾಕಿದರು. ತೊಟ್ಟಿ ತುಂಬಿ ಹರಿದು ಬಾಡಿಗೆಯವರು ಕೂಗುವವರೆಗೂ ಅಲ್ಲೇ ನಿಂತಿದ್ದರು.

*

ಜಾಲಹಳ್ಳಿ
೧೦ ಮಾರ್ಚ್ ೨೦೧೨

ಮುನೀಂದ್ರ,

ಯಾವ ಮಾತು ಅಂತ ಕೇಳಿದ್ದೀಯ. ದೊಡ್ಡ ಮಾತು ಒಂದೂ ಬೇಡ. ಊಟಕ್ಕೆ ಕರೆದದ್ದು, ಸ್ನಾನಕ್ಕೆ ಎಬ್ಬಿಸಿದ್ದು, ಗೇಟು ಹಾಕಿ ಎಂದದ್ದು. ಮನೆಯೊಳಗೆ ಒಬ್ಬಳು ಇದ್ದಾಳೆ ಅನ್ನಿಸಬೇಕು, ಅಷ್ಟೆ.

ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದಾರೆ. ತುಟಿ ಆಡಿಸಿದರೆ ಅದು ಗುಂಯ್‌ಗುಡುತ್ತದೆ, ಮಾತು ಅರ್ಧಂಬರ್ಧ ತಿಳಿಯುತ್ತದೆ. ಕಷ್ಟಪಟ್ಟು ಕಲಿತು ಅವರೆದುರು “ನಾನೇ” ಎಂದೆ. ಹೆದರಿ ಗೋಡೆಗೆ ಒರಗಿಕೊಂಡರು. ಅದನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟೆ. ಆಮೇಲೆ ಒಂದು ಹಾಳೆಯಲ್ಲಿ “ನಾನು ನಿಮ್ಮ ಹೆಂಡತಿ” ಎಂದು ಬರೆದು ಕೊಟ್ಟೆ. ಓದಿದರು. ಓದು ಅವರಿಗೆ ಇನ್ನೂ ಬರುತ್ತದೆ. ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟು, “ಹಿಂಗೆಲ್ಲ ಬರೀಬಾರ್ದಮ್ಮ, ನೋಡಿದೋರು ಏನಂದ್ಕೋತಾರೆ” ಅಂದರು. ಕೋಪವಿರಲಿಲ್ಲ. ನನ್ನ ಮಾನ ಕಾಪಾಡಲು ಹೇಳಿದಂತಿತ್ತು.

ನನಗಿಂತ ಬಸಮ್ಮನ ಪರಿಚಯವೇ ಅವರಿಗೆ ಹೆಚ್ಚು. ಅವಳು ಮಾತಾಡುತ್ತಾಳಲ್ಲ. “ಯಜಮಾನ್ರು ನಿಮ್ಮನ್ನ ಯಾರು, ಯಾವೂರೋರು ಅಂತ ಕೇಳ್ತಾವ್ರೆ ಕಣಮ್ಮ, ಏನೇಳ್ಲಿ” ಎಂದು ಬಂದು ನಿಲ್ಲುತ್ತಾಳೆ. ನಿನ್ನ ಕಾಗದ ಬಂದ ದಿನ ಏನು ವಿಷಯವೆಂದು ಕೇಳಿದಳು. ಬರೆದು ತೋರಿಸಿದರೆ ಅವಳಿಗೆ ಓದಲು ಬಾರದು, ಯಂತ್ರ ಹಿಡಿದು ಹೇಳಿದೆ. ಕಂಪ್ಯೂಟರಿನಲ್ಲಿ ನನ್ನ ದನಿ ಹುಡುಕುತ್ತಿದ್ದಾರೆ ಎಂಬುದು ಅವಳಿಗೆ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.

ಒಂದು ಆತಂಕದ ಸಂಗತಿ ಇದೆ. ನನ್ನನ್ನು ಹುಡುಕಿಕೊಂಡು ಹೊರಗೆ ಹೋಗಲು ಶುರು ಮಾಡಿದ್ದಾರೆ. ಮೊನ್ನೆ ವಾಯುಸೇನೆಯವರ ಕಾಂಪೌಂಡಿನ ಪಕ್ಕ ಬಿಸಿಲಿನಲ್ಲಿ ಕೂತಿದ್ದರಂತೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವರ ಜೊತೆ ಕೆಲಸ ಮಾಡಿದ ಆಂಜಿನಪ್ಪನವರು ಕಂಡು ಕರೆತಂದರು. ನಿಮ್ಮ ಕಡೆಯ ಹೊಸೂರು ರಸ್ತೆಯಂಥ ಹೆದ್ದಾರಿ ನಮ್ಮಲ್ಲಿಲ್ಲ ನಿಜ. ಆದರೂ ಬಸ್ಸುಗಳು ಓಡಾಡುತ್ತವೆ. ಬಾಗಿಲಿಗೆ ಬೀಗ ಹಾಕಿ ಕೂರಿಸಲು ನನಗೆ ಮನಸ್ಸು ಬಾರದು. ನಾನು ಮನೆಯಲ್ಲೇ ಇದ್ದೇನೆ ಎಂದು ಅವರಿಗೆ ಗೊತ್ತಾಗಬೇಕು.

ಕಾಯುತ್ತಿರುವ,
ಸುಬ್ಬಲಕ್ಷ್ಮಮ್ಮ

*

ಸಿಂಗಸಂದ್ರ
೧೫ ಏಪ್ರಿಲ್ ೨೦೧೨

ಪೂಜ್ಯ ಮೇಡಂ,

ತಡವಾಯಿತು. ಸಿಕ್ಕಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಸಮಾಧಾನವಾಗಿ ಓದಬಹುದು.

ವರ್ಚುವಲ್ ಮೆಷಿನ್ ಏನೋ ಎದ್ದಿತು. ಆದರೆ ಲ್ಯಾಪ್‌ಟಾಪಿನಲ್ಲಿದ್ದ ಮೆಮೊರಿ ಸಾಲಲಿಲ್ಲ. ಒಳಗಿನ ಕಂಪ್ಯೂಟರಿಗೆ ಅರ್ಧ ಕೊಟ್ಟರೆ ಹೊರಗಿನದು ನಿಂತುಬಿಡುತ್ತಿತ್ತು. ಕಡಿಮೆ ಕೊಟ್ಟರೆ ಒಳಗಿನದು ಏಳುತ್ತಿರಲಿಲ್ಲ. ಪರದೆಯ ಮೇಲಿರುವುದನ್ನು ನನಗೆ ಓದಿ ಹೇಳುವ ಪ್ರೋಗ್ರಾಂ ಎರಡೂ ಕಡೆ ಬೇಕು, ಅದೂ ಪಾಲು ಕೇಳುತ್ತದೆ. ಅದರ ಮಾತು ತೊದಲಿ ತೊದಲಿ ನಿಂತೇಹೋಗುತ್ತಿತ್ತು. ಬೊಮ್ಮನಹಳ್ಳಿಯಲ್ಲಿ ಒಂದು ಅಂಗಡಿಯಿದೆ. ಮಂಜುಶ್ರೀಯ ಜೊತೆ ಹೋಗಿ ರ‍್ಯಾಮ್ ಎನ್ನುವ ಮೆಮೊರಿ ಪಟ್ಟಿಯೊಂದನ್ನು ತಂದೆ. ಮನೆಗೆ ಬಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಬ್ಯಾಟರಿ ತೆಗೆದು, ಹಿಂಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಿ ತಟ್ಟೆಯಲ್ಲಿಟ್ಟುಕೊಂಡೆ. ಈ ಕೆಲಸಕ್ಕೆ ಕಣ್ಣಿಗಿಂತ ಬೆರಳೇ ಸಾಕು. ಆದರೆ ತಂದ ಪಟ್ಟಿ ಕೂರಲೇ ಇಲ್ಲ. ಅದರ ಅಂಚಿನ ಸೀಳು ಒಂದು ಕಡೆ, ಸಾಕೆಟ್ಟಿನ ಗೆಣ್ಣು ಇನ್ನೊಂದು ಕಡೆ. ಹಳೇ ಜಾತಿಯದು ಕೊಟ್ಟಿದ್ದರು. ಮತ್ತೆ ಹೋಗಿ ಬದಲಾಯಿಸಿಕೊಂಡು ಬಂದೆವು. ಈ ಸಲ ಓರೆಯಾಗಿ ತೂರಿಸಿ ಮೆಲ್ಲಗೆ ಅದುಮಿದಾಗ ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಹಿಡಿದುಕೊಂಡವು.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪ್ಯೂಟರ್ ಏಳುವ ಮೊದಲೇ ಬರುವ ಒಂದು ನೀಲಿ ಪರದೆಯಲ್ಲಿ ವರ್ಚುವಲ್ ಮೆಷಿನ್ನಿಗೆ ಅನುಮತಿ ಕೊಡಬೇಕು. ಅಲ್ಲಿ ನನಗೆ ಓದಿ ಹೇಳುವವರು ಯಾರೂ ಇಲ್ಲ. ಮಂಜುಶ್ರೀ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದಳು, ನಾನು ಕೀಲಿ ಒತ್ತಿದೆ. ಆಮೇಲೆ ಎಲ್ಲ ಸರಾಗವಾಯಿತು. ಒಳಗಿನ ಕಂಪ್ಯೂಟರಿನಲ್ಲಿ ಕೇಳಿದರೆ ದನಿ ಚಟಚಟ ಎನ್ನುತ್ತದೆ. ಹಾಗಾಗಿ ಅಲ್ಲಿ ಕತ್ತರಿಸಿ, ಹೊರಗೆ ತಂದು ಕೇಳುತ್ತೇನೆ.

ಮೊದಲು ತೆರೆದದ್ದು ಗ್ರಾಮ ಪಂಚಾಯಿತಿಯ ಪಾಠ. ಮುಚ್ಚಿಟ್ಟಿದ್ದನ್ನೆಲ್ಲ ತೆರೆದೆ. ಸದಸ್ಯರ ಅಧಿಕಾರಾವಧಿ ಎಂದು ಓದುತ್ತಿದ್ದವರು ಒಮ್ಮೆಗೇ ನಿಂತು, “ಏನ್ರೀ, ಹಾಲಿಟ್ಟಿದ್ದೀನಿ, ಸ್ವಲ್ಪ ನೋಡ್ಕೊಳ್ರೀ” ಅಂದಿರಿ. ದೂರದಿಂದ ಯಜಮಾನರು “ಆಯ್ತು ಕಣೇ” ಅಂದರು. ಸ್ವಲ್ಪ ಹೊತ್ತಿಗೆ ಪಾತ್ರೆಯ ಸದ್ದು. “ಉಕ್ಕಿಸಿಬಿಟ್ರಾ?” ಅಂತ ನೀವು. ಅವರು ನಗುವುದು.

ಇಂಥವು ಬೇಕಾದಷ್ಟಿವೆ. ಒಂದೊಂದನ್ನೇ ಆರಿಸಿ ಸಿ.ಡಿ. ಮಾಡಿ ಕಳಿಸುತ್ತೇನೆ. ಒಂದು ತುಣುಕನ್ನು ಮಾತ್ರ ಹಾಕುವುದಿಲ್ಲ. ರೆಕಾರ್ಡರ್ ನಿಲ್ಲಿಸಿದ್ದೇನೆ ಅಂದುಕೊಂಡು ನೀವು ಒಬ್ಬರೇ ಕೂತಿದ್ದ ಹೊತ್ತು ಅದು. ಅದು ಅಳು ಎಂದು ತಿಳಿದ ಕೂಡಲೇ ಹೆಡ್‌ಫೋನ್ ತೆಗೆದಿಟ್ಟೆ.

ಮುನೀಂದ್ರ

ಮೇಡಂ, ಇವರು ಕೇಳುವಾಗ ನಾನೂ ಕೇಳಿದೆ. ನಮ್ಮ ಮನೆಯಲ್ಲಿ ನಾನು ಹೀಗೆಲ್ಲ ಕೂಗಿಕೊಂಡು ಓಡಾಡುವುದಿಲ್ಲ. ಮದುವೆಯಾದಾಗಿನಿಂದಲೂ ಮೆತ್ತಗೆ ಮಾತಾಡಿಯೇ ರೂಢಿ. ಇವರಿಗೂ ನಾನು ಬರೀ ದನಿಯೇ ಅಲ್ಲವೇ ಎಂದು ಅವತ್ತು ಅನ್ನಿಸಿತು. ಮಂಜುಶ್ರೀ.

*

ಜಾಲಹಳ್ಳಿ
೩ ಜೂನ್ ೨೦೧೨

ಮುನೀಂದ್ರ,

ಸಿ.ಡಿ. ತಲುಪಿತು. ನೀನು ಬಿಟ್ಟ ತುಣುಕು ಯಾವುದೆಂದು ನನಗೆ ಗೊತ್ತು. ಬಿಟ್ಟದ್ದು ಒಳ್ಳೆಯದೇ ಆಯಿತು.

ಮೊದಲು ನಾನೊಬ್ಬಳೇ ಕೇಳಿದೆ. ನನ್ನ ಕೆಮ್ಮು ಕೇಳಿಸಿತು. ಮೊದಮೊದಲ ಪಾಠಗಳಲ್ಲಿ ಇಲ್ಲ, ಬರುಬರುತ್ತ ದಪ್ಪವಾಗುತ್ತದೆ. ಆಗ ಅದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳ ಸೀಮೆಸುಣ್ಣದ ಧೂಳಿನ ಹಳೆಯ ಕೆಮ್ಮು ಅಂದುಕೊಂಡಿದ್ದೆ.

ಬಸಮ್ಮ ಪ್ಲೇಯರನ್ನು ಒಳಕೋಣೆಯ ಕಪಾಟಿನ ಮೇಲಿಟ್ಟಳು. ಊಟದ ತಟ್ಟೆ ಹಾಕಿ, ನಾನು ಬಾಗಿಲ ಹಿಂದೆ ನಿಂತು ಗುಂಡಿ ಒತ್ತಿದೆ. “ಏನ್ರೀ, ಊಟಕ್ಕೆ ಬನ್ನಿ, ಆರೋಗುತ್ತೆ” ಎಂದಿತು. ಹಜಾರದಲ್ಲಿ ಕೂತಿದ್ದವರು “ಬಂದೆ ಕಣೇ” ಎಂದು ಎದ್ದೇ ಎದ್ದರು. ಮುನೀಂದ್ರ, ಆ ಬಂದೆ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತು! ತಾವೇ ಕೈತೊಳೆದು ಕೂತರು. ನಾನು ಬಡಿಸಿದೆ. “ಅವ್ಳು ಒಳಗಿದಾಳೆ, ಕರೀತಿದ್ದಾಳೆ” ಎಂದು ನನಗೆ ಹೇಳಿ, ಮುದ್ದೆ ಮುರಿದು ಪೂರ್ತಿ ಊಟ ಮಾಡಿದರು. ನನ್ನನ್ನು ಹುಡುಕಿಕೊಂಡು ಹೊರಗೆ ಹೋಗುವುದೂ ಅವತ್ತಿಗೆ ನಿಂತಿತು.

ಒಂದು ವಾರ ಹಾಗೇ ನಡೆಯಿತು. ಆಮೇಲೆ ಬೇರೆಯದೇ ಆಯಿತು. ಕೆಲವು ತುಣುಕುಗಳಲ್ಲಿ ಅವರ ದನಿಯೂ ಇದೆಯಲ್ಲ, ಆ ಹಾಲಿನದರಲ್ಲಿ ಇದ್ದಂತೆ. ತಮ್ಮ ದನಿ ಅವರಿಗೆ ಗುರುತು ಸಿಗಲಿಲ್ಲ. ಎದ್ದು ನಿಂತರು. “ಒಳಗ್ಯಾರೋ ಗಂಡಸು ಇದಾನೆ” ಅಂದರು. ನಗು ಕೇಳಿಸಿದಾಗ ಕೋಣೆಯ ಬಾಗಿಲನ್ನು ಗುದ್ದತೊಡಗಿದರು. ತೆರೆದು ತೋರಿಸಿದರೂ ನಂಬಲಿಲ್ಲ. ಅವನು ಕಿಟಕಿಯಿಂದ ಹೋದ ಎಂದರು. ನಂತರ ಸಂಜೆಯವರೆಗೂ ಗೋಡೆ ಕಡೆ ತಿರುಗಿ ಕೂತರು. ನಾಚಿಕೆಯಿಂದ ಕುಗ್ಗಿಹೋದವರ ಹಾಗಿದ್ದರು.

ಅವರ ದನಿಯನ್ನು ತೆಗೆದುಬಿಡು. ನಾನೊಬ್ಬಳೇ ಇರಲಿ. ಇದನ್ನು ಬರೆಯಲು ಕಷ್ಟವಾಗುತ್ತಿದೆ.

ಸುಬ್ಬಲಕ್ಷ್ಮಮ್ಮ

*

ಸಿಂಗಸಂದ್ರ
೮ ಜುಲೈ ೨೦೧೨

ಪೂಜ್ಯ ಮೇಡಂ,

ಹೊಸ ಸಿ.ಡಿ. ಇದರೊಂದಿಗಿದೆ. ಯಜಮಾನರ ದನಿ ಎಲ್ಲೆಲ್ಲಿ ಬೇರೆಯಾಗಿ ಇತ್ತೋ ಅಲ್ಲೆಲ್ಲ ತೆಗೆದಿದ್ದೇನೆ. ನೀವು ಕರೆದ ಮೇಲೆ ಅವರು ಉತ್ತರ ಕೊಡುವಷ್ಟು ಹೊತ್ತು ಸುಮ್ಮನೆ ಬಿಟ್ಟಿದ್ದೇನೆ. ಆ ಖಾಲಿ ಜಾಗದಲ್ಲಿ ನಿಮ್ಮ ಮನೆಯ ಸದ್ದೇ ಇದೆ, ಫ್ಯಾನಿನದು, ಹೊರಗಿನ ಕಾಗೆಯದು. ಪೂರ್ತಿ ನಿಶ್ಶಬ್ದ ಹಾಕಿದರೆ ಮನೆ ಸತ್ತಹಾಗೆ ಕೇಳಿಸುತ್ತದೆ.

ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ನನ್ನಿಂದಾಗಲಿಲ್ಲ. ಈಗ ಮೆಮೊರಿಗೆ ಕೊರತೆಯಿಲ್ಲ, ಮೆಷಿನ್ ಹೇಳಿದ ಹಾಗೆ ಕೇಳುತ್ತದೆ. ಆದರೆ ಒಂದರ ಮೇಲೊಂದು ಬಿದ್ದ ದನಿಗಳನ್ನು ಬಿಡಿಸಲು ನನಗೆ ಬರದು. ಅಂಥವನ್ನೆಲ್ಲ ಬಿಟ್ಟುಬಿಟ್ಟೆ. ಬಿಟ್ಟವುಗಳೇ ಹೆಚ್ಚು, ಮೇಡಂ. ನೀವಿಬ್ಬರೂ ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಕಾದವರೇ ಅಲ್ಲ.

ಸಮಾಜ ವಿಜ್ಞಾನದ ಉಳಿದ ಪಾಠಗಳನ್ನು ಮಂಜುಶ್ರೀ ಓದಲು ಒಪ್ಪಿದ್ದಾಳೆ. ನಿಮ್ಮ ಹಾಗೆ ಬರುವುದಿಲ್ಲ ಎಂದು ಅಳುಕುತ್ತಾಳೆ. ನಿಮ್ಮ ಅಭ್ಯಂತರ ಇದ್ದರೆ ತಿಳಿಸಿ.

ಮುನೀಂದ್ರ

*

ಜಾಲಹಳ್ಳಿ
೧೬ ಸೆಪ್ಟೆಂಬರ್ ೨೦೧೨

ಮುನೀಂದ್ರ, ಮಂಜುಶ್ರೀ,

ಮಂಜುಶ್ರೀ ಖಂಡಿತ ಓದಲಿ. ಪೂರ್ಣವಿರಾಮ ಬಂದಾಗ ನಿಲ್ಲಬೇಕು, ಮಕ್ಕಳು ಬರೆದುಕೊಳ್ಳುತ್ತಿರುತ್ತಾರೆ. ಅಷ್ಟೇ ಗುಟ್ಟು.

ನೀನು ಕಳಿಸಿದ ಎರಡನೆಯ ಸಿ.ಡಿ.ಯನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ನಿನ್ನ ಕೆಲಸದಲ್ಲಿ ಕುಂದಿರಲಿಲ್ಲ. ಎರಡು ತಿಂಗಳು ಅದೇ ನಮ್ಮ ಮನೆ ನಡೆಸಿತು. ಅದು ಕರೆದರೆ ಏಳುತ್ತಿದ್ದರು, ಅದು ಹೇಳಿದರೆ ಸ್ನಾನಕ್ಕೆ ಹೋಗುತ್ತಿದ್ದರು. ನಾನು ಬಟ್ಟೆ ಹಿಡಿದು ನಿಂತಿರುತ್ತಿದ್ದೆ. “ಅವ್ಳು ಹೇಳಿದ್ದಾಳೆ, ಕೊಡಿ” ಎಂದು ಇಸಿದುಕೊಳ್ಳುತ್ತಿದ್ದರು.

ಆದರೆ ದಿನ ಹೋದಂತೆ ಹಜಾರ ಬಿಟ್ಟು ಆ ಕೋಣೆಯ ಬಾಗಿಲಲ್ಲೇ ಕೂರತೊಡಗಿದರು. ಒಳಗಿದ್ದಾಳೆ, ಕರೆಯುತ್ತಾಳೆ, ಹೊರಗೆ ಮಾತ್ರ ಬರುವುದಿಲ್ಲ, ಯಾಕೆ ಎಂದು ಬಸಮ್ಮನನ್ನು ಕೇಳುತ್ತಿದ್ದರು. ತಮ್ಮ ಮೇಲೆ ನನಗೆ ಕೋಪ ಎಂದು ಅವರೇ ತೀರ್ಮಾನಿಸಿಕೊಂಡರು. ಗೌರಿಹಬ್ಬ ಹತ್ತಿರ ಬಂತೆಂದು ಮೊನ್ನೆ ಬಸಮ್ಮ ಹೂವು ತಂದಿದ್ದಳು. ಅದರಲ್ಲಿ ಒಂದು ಮೊಳ ತೆಗೆದುಕೊಂಡು ಹೋಗಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿದರು. ಹಣೆಯನ್ನು ಬಾಗಿಲಿಗೆ ಹಚ್ಚಿ, “ತಪ್ಪಾಯ್ತು ಕಣೇ ಸುಬ್ಬೂ, ಏನ್ ಮಾಡ್ದೆ ಅಂತ ನೆನಪಾಗ್ತಿಲ್ಲ. ಆದ್ರೂ ತಪ್ಪಾಯ್ತು, ಬಾಗ್ಲು ತೆಗಿ” ಅಂದರು.

ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಭುಜ ಮುಟ್ಟಿದೆ. ತಿರುಗಿ ನೋಡಿ ಕಣ್ಣೊರೆಸಿಕೊಂಡು, ಹೊರಗಿನವರ ಮುಂದೆ ಅತ್ತೆನಲ್ಲ ಎಂಬಂತೆ, “ಏನಿಲ್ಲ ಮೇಡಂ, ಮನೆ ವಿಷ್ಯ” ಅಂದರು.

ಅವತ್ತೇ ಪ್ಲೇಯರ್ ತೆಗೆಸಿದೆ. ಇಲ್ಲದವಳ ಕೈಲಿ ಅವರನ್ನು ಇನ್ನು ಕರೆಸಲಾರೆ.

ಸುಬ್ಬಲಕ್ಷ್ಮಮ್ಮ

*

ಸಿಂಗಸಂದ್ರ
೭ ಅಕ್ಟೋಬರ್ ೨೦೧೨

ಪೂಜ್ಯ ಮೇಡಂ,

ಸಿ.ಡಿ. ಬಂದಿದೆ. ಒಂದನ್ನು ಕೇಳಲೇಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಎಲ್ಲವೂ ಇದೆ. ನೀವು ಹೇಳಿದರೆ ಅಳಿಸುತ್ತೇನೆ. ಹೇಳದೆ ಮುಟ್ಟುವುದಿಲ್ಲ.

ಅಲ್ಲಿ ಹೇಗಿದ್ದೀರಿ? ಯಜಮಾನರು ಊಟ ಮಾಡುತ್ತಾರೆಯೇ? ಮತ್ತೆ ಹೊರಗೆ ಹೋಗುತ್ತಿದ್ದಾರೆಯೇ? ಬಸಮ್ಮನ ಕೈಲಾದರೂ ಒಂದು ಫೋನ್ ಮಾಡಿಸಿ.

ಮುನೀಂದ್ರ

ಮೇಡಂ, ಮೊದಲ ಪಾಠ ಓದಿದೆ. ಇವರು ನನ್ನ ಉಸಿರನ್ನೆಲ್ಲ ಕತ್ತರಿಸಲು ಹೋದರು. ಇರಲಿ ಬಿಡಿ ಎಂದೆ. ಮಂಜುಶ್ರೀ.

*

ಜಾಲಹಳ್ಳಿ
೧೬ ಡಿಸೆಂಬರ್ ೨೦೧೨

ಮುನೀಂದ್ರನಿಗೂ ಮಂಜುಶ್ರೀಗೂ ಆಶೀರ್ವಾದಗಳು.

ಉತ್ತರಕ್ಕೆ ಕಾಯಿಸಿದೆ, ಬೇಸರಿಸಬೇಡಿ. ದೀಪಾವಳಿಯ ಹೊತ್ತಿಗೆ ಅವರಿಗೆ ಜ್ವರ ಬಂದು ಬಹಳ ಇಳಿದುಹೋದರು. ಈಗ ಹೊರಗೆ ಹೋಗುವಷ್ಟು ಶಕ್ತಿ ಇಲ್ಲ, ಬಾಗಿಲ ಚಿಂತೆ ತಪ್ಪಿತು. ಹೀಗೆ ತಪ್ಪಬಾರದಿತ್ತು. ಡಾಕ್ಟರು ನನ್ನ ಕುತ್ತಿಗೆಯನ್ನೂ ಮತ್ತೆ ನೋಡಿದರು. ಇನ್ನೊಂದು ಸ್ಕ್ಯಾನ್ ಬೇಕಂತೆ. ಹೋಗಬೇಕು.

ಅಳಿಸಬೇಡ. ನನಗೆ ಕಳಿಸಲೂ ಬೇಡ. ನಿನ್ನ ಬೀರುವಿನಲ್ಲೇ ಇರಲಿ.

ದನಿಯನ್ನು ನಿಲ್ಲಿಸಿದ ಮೇಲೆ ಕೆಲವು ದಿನ ಬಾಗಿಲಲ್ಲೇ ಕೂತು ಕಾದರು. ಆಮೇಲೆ ಕಾಯುವುದೂ ಮರೆತುಹೋಯಿತು. ಊಟಕ್ಕೆ ನಾನು ತಟ್ಟೆಯ ಅಂಚಿಗೆ ಚಮಚ ತಟ್ಟುತ್ತೇನೆ, ಬರುತ್ತಾರೆ. ನನಗೆ ತಟ್ಟೆ ಹಾಕದಿದ್ದರೆ ತಾವೂ ಕೂರುವುದಿಲ್ಲ. “ನೀವು ಊಟ ಮಾಡಿದ್ರಾ?” ಎನ್ನುತ್ತಾರೆ. ಮದುವೆಯಾದಾಗಿನಿಂದ ಹಾಗೆ ಕೇಳಿದವರೇ ಅಲ್ಲ. ಬಡಿಸುವವಳು ಉಂಡಿರುತ್ತಾಳೆ ಅಂದುಕೊಂಡಿದ್ದವರು.

ಇದು ಅವರೆಕಾಯಿಯ ಕಾಲ. ನಿನ್ನೆ ಬಸಮ್ಮ ಒಂದು ಚೀಲ ತಂದು ಹಜಾರದಲ್ಲಿ ಸುರಿದುಹೋದಳು. ನಾನು ಕೆಳಗೆ ಕೂತು ಸುಲಿಯುತ್ತಿದ್ದೆ. ಅವರೂ ಮೆಲ್ಲಗೆ ಇಳಿದು ಎದುರು ಕೂತರು. ಅವರ ಬೆರಳುಗಳು ಇನ್ನೂ ಟೂಲ್ ರೂಮಿನ ಬೆರಳುಗಳೇ. ಒಂದು ಕಾಳೂ ಚಿಮ್ಮದ ಹಾಗೆ ಸುಲಿದರು. ಬಹಳ ಹೊತ್ತು ಹಾಗೆ ಕೂತಿದ್ದೆವು. ಹೊರಗೆ ಬಿಸಿಲಿತ್ತು, ಇಬ್ಬರ ಕೈಗೂ ಅವರೆಯ ಸೊಗಡು ಹತ್ತಿತ್ತು.

“ಇಷ್ಟು ದಿನದಿಂದ ನಮ್ಮನೇಲಿ ಕೆಲ್ಸ ಮಾಡ್ತಿದ್ದೀರ, ನಿಮ್ಮ ಹೆಸ್ರೇ ಕೇಳ್ಲಿಲ್ಲ ನಾನು” ಎಂದರು.

ಸಿಪ್ಪೆಗೆಂದು ಹಾಸಿದ್ದ ಪೇಪರಿನ ಅಂಚಿನಲ್ಲಿ ಬರೆದೆ. ಏನು ಬರೆಯಲಿ ಎಂದು ಒಂದು ಕ್ಷಣ ಯೋಚಿಸಿದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಪೇಪರನ್ನು ಬೆಳಕಿಗೆ ಹಿಡಿದು, ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು.

“ಸುಬ್ಬಲಕ್ಷ್ಮಮ್ಮ.”

ಅವರ ಬಾಯಿಂದ ಪೂರ್ತಿ ಹೆಸರು ಕೇಳಿದ್ದು ಅದೇ ಮೊದಲು. ಮುಖ ಅರಳಿತು.

“ನಮ್ಮನೆಯವ್ಳ ಹೆಸ್ರೂ ಇದೇ” ಅಂದರು. “ಅವ್ಳು ಬರ್ಲಿ, ನಿಮ್ಮಿಬ್ರಿಗೂ ಪರಿಚಯ ಮಾಡಿಸ್ತೀನಿ.”

ನಾನು ಆಗಲಿ ಎಂದು ತಲೆಯಾಡಿಸಿದೆ. ಮತ್ತೆ ಇಬ್ಬರೂ ಸುಲಿಯತೊಡಗಿದೆವು.

ಸುಬ್ಬಲಕ್ಷ್ಮಮ್ಮ